ಚಪಾತಿ ಮಣಿಯ ಮೇಲಿನ ಜಾಯ್‌ಸ್ಟಿಕ್

೨೨ ಅಕ್ಟೋಬರ್ ೨೦೨೨

ಇದು ನನ್ನ ಬಿ.ಎಸ್ಸಿ. ಕೊನೆಯ ವರ್ಷದ ಫಿಸಿಕ್ಸ್ ರೆಕಾರ್ಡ್ ಬುಕ್ಕು. ಹನ್ನೊಂದು ಪ್ರಯೋಗ ಬರೆದದ್ದಿದೆ, ಉಳಿದ ಹಾಳೆ ಖಾಲಿ. ಈ ಮನಿಯಲ್ಲಿ ಇದಕ್ಕೆ ಯಾರೂ ಕೈ ಹಾಕುವುದಿಲ್ಲ. ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಯಾದಗಿರಿಯಲ್ಲಿ ನಮ್ಮ ಮನಿಯವರ ಬಲಗೈಯ ಪ್ಲಾಸ್ಟರ್ ಬಿಚ್ಚಿದರು. ಆರು ವಾರದ ಮೇಲೆ ಹೊರಗೆ ಬಂದ ಕೈ ಇವರದು ಅನಿಸಲಿಲ್ಲ. ಬಿಳಿಚಿಕೊಂಡು, ಸಣ್ಣಗಾಗಿ, ಮಣಿಕಟ್ಟಿನ ಹತ್ತಿರ ಜರಾ ಸೊಟ್ಟ. ಅಂಗೈ ಮೇಲೆ ಮಾಡಿ ತೋರಿಸ್ರಿ ಅಂದರು ಡಾಕ್ಟರ್. ಆಗಲಿಲ್ಲ. ಅಂಗೈ ಗೋಡೆಯ ಕಡೆ ಮುಖ ಮಾಡಿ ಅರ್ಧಕ್ಕೇ ನಿಂತುಬಿಟ್ಟಿತು.

"ಕೀಲಿ ತಿರುವಿದಂಗ ತಿರುಗಬೇಕು ನೋಡ್ರಿ. ಸುತ್ತಿಗಿ ಹಿಡಕೊಂಡು ದಿನಾ ಮುನ್ನೂರು ಸಲ ಮಾಡ್ರಿ. ಬಿಟ್ರಿ ಅಂದ್ರ ಹಿಂಗೇ ಬಿಗದು ಕೂಡ್ತದ."

ಇವರು ಕಾಲುವೆಯ ಲಸ್ಕರ್. ಶಹಾಪುರದ ಹತ್ತಿರದ ಈ ಕ್ಯಾಂಪಿನಲ್ಲಿ ಇದ್ದುಕೊಂಡು ಗೇಟು ಎತ್ತುವುದು, ಇಳಿಸುವುದು ಇವರ ಕೆಲಸ. ಹ್ಯಾಂಡಲ್ ತಿರುವಲಿಕ್ಕೆ ಬಾರದ ಲಸ್ಕರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಡಿಸೆಂಬರಿನಲ್ಲಿ ಹಿಂಗಾರಿಗೆ ನೀರು ಬಿಡುತ್ತಾರೆ. ಅಷ್ಟರೊಳಗೆ ಈ ಕೈ ತಿರುಗಬೇಕು.

ಆವತ್ತು ಗೇಟು ಇಳಿಸುವಾಗ ಹ್ಯಾಂಡಲ್ ತಿರುಗಿ ಹೊಡೆಯಿತು. ಗ್ರೀಸ್ ಹತ್ತಿತ್ತು, ಜಾರಿತು ಅಂತ ಇವರು ಎಲ್ಲರಿಗೂ ಹೇಳಿದ್ದಾರೆ. ಹಾಗಲ್ಲ. ಅಂಗಿ ಕಿಸೆಯಲ್ಲಿ ಫೋನು ಬಡಿಯಿತು, ಒಂದು ಕೈ ಬಿಟ್ಟು ಎತ್ತಿದರು. ಆ ಫೋನು ನನ್ನದು. ಆ ಮುಂಜಾನೆ ಅದು ನನ್ನ ಏಳನೇ ಫೋನು. "ಹೇಳು" ಅಂದದ್ದು ಕೇಳಿಸಿತು. ಆಮೇಲೆ ಕೇಳಿಸಿದ್ದನ್ನು ಬರೆಯಲಾರೆ.

ಯಾಕೆ ಮಾಡಿದ್ದೆ? ಕೂಸು ಮೂರು ಸಲ ಸೀನಿತ್ತು.

ಇವರು ಆ ಫೋನಿನ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ.

೨೭ ಅಕ್ಟೋಬರ್

ಹಬ್ಬ ಆಯಿತು. ಸುತ್ತಿಗೆ ಕಟ್ಟೆಯ ಮೇಲೆ ಇಟ್ಟಲ್ಲೇ ಇದೆ.

"ಮಾಡ್ರಿ" ಅಂದರೆ "ಮಾಡೀನಿ" ಅನ್ನುತ್ತಾರೆ. ನಾನು ಬಾಗಿಲ ಮರೆಯಲ್ಲಿ ನಿಂತು ಎಣಿಸಿದೆ, ಇವತ್ತು ಹನ್ನೆರಡು. ಹದಿಮೂರಕ್ಕೆ ಕೆಳಗಿಟ್ಟರು. "ಮೊಳಿ ಇಲ್ಲ, ಗ್ವಾಡಿ ಇಲ್ಲ, ಖಾಲಿ ಸುತ್ತಿಗಿ ತಿರುವಿಕೋತ ಕೂಡೂದು. ನೋಡಿದವ್ರು ಹುಚ್ಚ ಹಿಡದದ ಅಂತಾರ."

ಒಳಗಿನಿಂದ ಅತ್ತಿ, "ಹಿಡೀಲಾಕ ಇನ್ನೇನರ ಉಳದದೇನು? ಸುಮ್ಮ ಮಾಡೋ ಬಸವಂತಾ" ಅಂದಳು. ನನ್ನ ಅತ್ತಿ ದುರಗಮ್ಮ ಯಾರಿಗೂ ಬಿಡುವವಳಲ್ಲ, ಮಗನಿಗಂತೂ ಇಲ್ಲ.

ಕೂಸಿಗೆ ಮುತ್ತಜ್ಜಿಯ ಹೆಸರು ಇಟ್ಟಿದ್ದೇವೆ, ಮುದುಕಮ್ಮ. ಎಂಟು ತಿಂಗಳಿನವಳನ್ನು ಹಾಗೆ ಕರೆಯಲಿಕ್ಕೆ ನನಗೆ ಬಾಯಿ ಬರುವುದಿಲ್ಲ, ಮುದ್ದು ಅನ್ನುತ್ತೇನೆ. ಸಂಜೆ ಇವರು ಎಡಗೈ ಚಾಚಿ "ತಾ ಇಲ್ಲಿ ಅಕೀನ" ಅಂದರು. "ನಿದ್ದಿ ಬಂದದ್ರಿ ಅಕಿಗಿ" ಅಂದು ಒಳಗೆ ಒಯ್ದೆ. ಕೂಸು ನನ್ನ ಹೆಗಲ ಮೇಲಿಂದ ಅಪ್ಪನನ್ನು ನೋಡಿ ಕೇಕೆ ಹಾಕಿ ನಗುತ್ತಿತ್ತು. ಇವರಿಗೂ ಕಂಡಿತು.

ಕೈ ಮುರಿದಾಗಿನಿಂದ ಒಂದು ಸಲವೂ ಕೊಟ್ಟಿಲ್ಲ. ಬೀಳಿಸುತ್ತಾರೆ ಅಂತ ಹೆದರಿಕೆ. ನನ್ನಿಂದ ಮುರಿದ ಕೈ, ಅದನ್ನು ನಾನೇ ನಂಬುವುದಿಲ್ಲ. ನಾಚಿಕೆಯಾಗಬೇಕು. ಆಗುತ್ತದೆ. ಆದರೂ ಕೊಡುವುದಿಲ್ಲ.

ನಿದ್ದೆ ಇಲ್ಲ. ಮಲಗಿದರೆ ಕೂಸಿನ ಉಸಿರು ಎಣಿಸುತ್ತೇನೆ, ನೂರಾದರೆ ಮತ್ತೆ ಒಂದರಿಂದ.

೩೧ ಅಕ್ಟೋಬರ್

ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಸರ್ ಸಂಜೆ ಬಾಗಿಲು ಮುಂದೆ ಮಾಡಿಕೊಂಡು ಅಂತರಿಕ್ಷದಲ್ಲಿ ನೌಕೆ ಹಾರಿಸುವ ಆಟ ಆಡುತ್ತಿದ್ದರು. ನಾವು ಹುಡುಗಿಯರು ಕಿಟಕಿಯಿಂದ ಇಣುಕಿ ನಗುತ್ತಿದ್ದೆವು. ಅವರ ಕೈಯಲ್ಲಿ ಒಂದು ಜಾಯ್‌ಸ್ಟಿಕ್. ಅದರ ಹಿಡಿಕೆ ಹಿಂದೆ ಮುಂದೆ ಆಚೀಚೆ ವಾಲುವುದಲ್ಲದೆ, ಕೀಲಿಯ ಹಾಗೆ ನಿಂತಲ್ಲೇ ತಿರುಗುತ್ತಿತ್ತು.

ಕೀಲಿಯ ಹಾಗೆ! ಡಾಕ್ಟರ್ ಹೇಳಿದ್ದು ಅದೇ ಅಲ್ಲವೇ? ಸುತ್ತಿಗೆಗೆ ಬೇಸರ ಬರುತ್ತದೆ, ಆಟಕ್ಕೆ ಬರಲಿಕ್ಕಿಲ್ಲ.

ಡಿಗ್ರಿಯಲ್ಲಿ ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಟ್ರಂಕಿನಲ್ಲಿದೆ, ಕೂಸಿನ ದುಪಟಿಗಳ ಕೆಳಗೆ. ಹಚ್ಚಿ ನೋಡಿದೆ. ಹತ್ತಿತು.

೩ ನವೆಂಬರ್

ಮುದ್ದುವನ್ನು ಅತ್ತಿಯ ಹತ್ತಿರ ಬಿಟ್ಟು ಯಾದಗಿರಿಗೆ ಹೋದೆ. ಬಸ್ಸಿನಲ್ಲೇ ಅತ್ತಿಗೆ ನಾಲ್ಕು ಫೋನು. ನಾಲ್ಕನೆಯದಕ್ಕೆ, "ಕೂಸೂ ಅದ, ನಾನೂ ಅದೀನಿ. ಬಸ್ಸಿನಾಗ ನೀ ಅದಿ ಇಲ್ಲ ನೋಡಿಕೋ" ಅಂತ ಇಟ್ಟುಬಿಟ್ಟಳು.

ಸ್ಟೇಷನ್ ರಸ್ತೆಯಲ್ಲಿ ರಾಜಾಸಾಬನ ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆಯ ಸಾಮಾನು ಬಿಚ್ಚಿ ಜೋಡಿಸಿ ಮಾರುತ್ತಾನೆ. ಜಾಯ್‌ಸ್ಟಿಕ್ ಅಂದ ಕೂಡಲೇ ಮೇಲಿನ ಹಲಗೆಯಿಂದ ಎರಡು ಇಳಿಸಿ ಧೂಳು ಹೊಡೆದ.

"ಯಾರಿಗವ್ವ? ಮಕ್ಕಳಿಗೇನು?"

"ಹೌದ್ರಿ" ಅಂದೆ. ನನ್ನ ಮಗಳಿಗೆ ಇನ್ನೂ ಎರಡು ಹಲ್ಲು. ಗಂಡನಿಗೆ ಅನ್ನಲಿಕ್ಕೆ ನಾಲಿಗೆ ಏಳಲಿಲ್ಲ.

"ಮಕ್ಕಳಿಗಂದ್ರ ಈ ಸಣ್ಣದು ಬರೋಬ್ಬರಿ. ಸ್ಪ್ರಿಂಗ್ ಹಗರ ಅದ. ಆ ದೊಡ್ಡದು ಬ್ಯಾಡ, ದೊಡ್ಡವ್ರಿಗೇ ರಟ್ಟಿ ನೋಯಿಸ್ತದ."

ದೊಡ್ಡದನ್ನೇ ತೆಗೆದುಕೊಂಡೆ. ಅದರ ಹಿಡಿಕೆ ತಿರುವಿದರೆ ಬಿಗಿಯಾಗಿ ಎದುರು ನಿಲ್ಲುತ್ತಿತ್ತು, ಬಿಗಿಯಿದ್ದಷ್ಟು ವ್ಯಾಯಾಮ ಅಂದುಕೊಂಡೆ. ಅವನು ಒಂದು ಆಟವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ.

೫ ನವೆಂಬರ್

ಇವರ ಕೈ ಊದಿಕೊಂಡಿದೆ.

ಹಿಡಿಕೆ ತಿರುವಿದರೇ ನೌಕೆ ಮಗ್ಗುಲಿಗೆ ಉರುಳುವ ಹಾಗೆ ಆಟವನ್ನು ಹೊಂದಿಸಿದ್ದೆ, ತಿರುವಿದಷ್ಟೂ ಒಳ್ಳೆಯದು ಅಂತ. ಇವರು ಹಲ್ಲು ಕಚ್ಚಿ ಅರ್ಧ ತಾಸು ತಿರುವಿದರು. ನೋಯುತ್ತದೆ ಅನ್ನಲಿಲ್ಲ. ನಾನು ಪಕ್ಕದಲ್ಲಿ ಕೂತು "ಇನ್ನ ಜರಾ, ಇನ್ನ ಜರಾ" ಅನ್ನುತ್ತಿದ್ದೆ.

ಎರಡನೇ ಸಲ. ಇದೂ ನನ್ನಿಂದಲೇ.

೬ ನವೆಂಬರ್

ಸುತ್ತಿಗೆಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ, ಮೊಣಕೈ ಪಕ್ಕೆಗೆ ಹಚ್ಚಿ, ಡಾಕ್ಟರ್ ತೋರಿಸಿದ ಹಾಗೆ. ಮುಂಗೈ ತಿರುಗಿದರೆ ಸುತ್ತಿಗೆ ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ. ನಿಂತಲ್ಲೇ ತಿರುಗುವುದಿಲ್ಲ. ಕೀಲಿಯ ಅಕ್ಷ ಮುಂಗೈಯ ಉದ್ದಕ್ಕೆ. ಜಾಯ್‌ಸ್ಟಿಕ್ಕಿನ ಅಕ್ಷ ನೆಟ್ಟಗೆ ಮೇಲಕ್ಕೆ. ನೆಟ್ಟಗಿರುವುದನ್ನು ತಿರುವಿದರೆ ತಿರುಗುವುದು ಮುಂಗೈ ಅಲ್ಲ, ಮಣಿಕಟ್ಟು ಅಡ್ಡಕ್ಕೆ ಬಾಗುತ್ತದೆ. ಮುರಿದ ಜಾಗವನ್ನೇ ಹಿಡಿದು ತಿರುಚಿಸಿದ್ದೇನೆ.

ಇದೇ ಪುಸ್ತಕದ ಆರನೇ ಪ್ರಯೋಗ, ತಿರುಚು ಲೋಲಕ. "ವೆರಿ ಗುಡ್" ಅಂತ ಕೆಂಪು ಶಾಯಿಯಲ್ಲಿದೆ. ಆ ಹಾಳೆ ನೋಡಲಾಗದೆ ಮುಚ್ಚಿದೆ.

೮ ನವೆಂಬರ್

ಮತ್ತೆ ಯಾದಗಿರಿಗೆ ಹೋಗಿ ರಾಜಾಸಾಬನಿಗೆ ಎಲ್ಲಾ ಹೇಳಿದೆ. ಫೋನಿನ ಮಾತು ಬಿಟ್ಟು.

"ಮೊದ್ಲೇ ಅನ್ನಬಾರ್ದೇನವ್ವ! ಮಕ್ಕಳು ಅಂದಿ, ನಾ ಮಕ್ಕಳ ಲೆಕ್ಕದಾಗ ಹೇಳಿದೆ. ಗಂಡಗ ಅಂತ ಹೇಳೂದರಾಗ ನಾಚಿಕಿ ಏನದ? ಗಂಡ ಇದ್ದಾನಲ್ಲ?"

"ಅದಾರ್ರಿ."

"ಮತ್ತ?" ಅಂತ ನಕ್ಕು, ದೊಡ್ಡದನ್ನು ಮರಳಿ ತೆಗೆದುಕೊಂಡು ಸಣ್ಣದನ್ನು ಮುಂದಿಟ್ಟ. "ಎರಡೇ ಬೆರಳಾಗ ಹಿಡದು ವಾಲಿಸು. ಅಷ್ಟಕ್ಕೇ ವಾಲಿದ್ರ ಅದು ನಿನ್ನ ಗಂಡನ ಕೈಗೆ." ವಾಲಿತು. ಅದರ ತಳದಲ್ಲಿ ಒಂದು ಗುಂಡಿ ಇದೆ, ಸರಿಸಿದರೆ ಹಿಡಿಕೆ ನಿಂತಲ್ಲೇ ತಿರುಗುವುದು ಲಾಕ್ ಆಗುತ್ತದೆ. ವಾಲುವುದಷ್ಟೇ ಉಳಿಯುತ್ತದೆ. ವೇಗಕ್ಕೆ ಎಡಗಡೆ ಒಂದು ಸಣ್ಣ ಲಿವರ್.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಶಹಾಪುರ ಬಂದ ಮೇಲೆ ನೆನಪಾಯಿತು, ಅತ್ತಿಗೆ ಒಂದೇ ಫೋನು ಮಾಡಿದ್ದೆ.

೧೦ ನವೆಂಬರ್

ಊತ ಇಳಿದಿದೆ. ಇವತ್ತು ಜೋಡಿಸಿದೆ.

ಮೇಜು ಇದ್ದರೆ ಮೊಣಕೈ ಮೇಲೇರಿ ಹೆಗಲೇ ಕೆಲಸ ಮಾಡುತ್ತದೆ, ನೆಲದ ಮೇಲೇ ಕೂಡಬೇಕು. ಆದರೆ ಜಾಯ್‌ಸ್ಟಿಕ್ಕಿನ ತಳದ ರಬ್ಬರ್ ಬಟ್ಟಲುಗಳು ನಮ್ಮ ಫರಸಿ ಕಲ್ಲಿಗೆ ಹಿಡಿಯುವುದಿಲ್ಲ, ಕಲ್ಲು ಒರಟು. ಹಾಸಿಗೆ, ಡಬ್ಬಿಯ ಮುಚ್ಚಳ, ಪರಾತ, ಎಲ್ಲಾ ನೋಡಿದೆ. ಕೊನೆಗೆ ಅತ್ತಿಯ ಚಪಾತಿ ಮಣಿ. ಎಣ್ಣೆ ಕುಡಿದು ನುಣ್ಣಗಾದ ಹಲಗೆ, ಒತ್ತಿದ ಕೂಡಲೇ ಪಚ್ ಅಂತ ಹಿಡಿಯಿತು. ಅದನ್ನು ಇವರ ಎರಡು ಮೊಣಕಾಲ ನಡುವೆ ಇಟ್ಟು, ಬಲ ಮೊಣಕೈಯನ್ನು ಪಕ್ಕೆಗೆ ಟವಲಿನಿಂದ ಕಟ್ಟಿದೆ.

"ಕೋಳಿ ಕಟ್ಟಿದಂಗ ಕಟ್ಟೀದಿ" ಅಂದರು ಇವರು.

ಈ ಸಲ ಹಿಡಿಕೆ ಆಚೀಚೆ ವಾಲಿಸಿದರೆ ನೌಕೆ ಉರುಳುವ ಹಾಗೆ ಹೊಂದಿಸಿದೆ. ಆಮೇಲೆ ಸೆಟ್ಟಿಂಗ್. ಪರದೆಯ ಮೇಲೆ ಒಂದು ಚೌಕ, ಅದರೊಳಗೆ ಸಣ್ಣದೊಂದು ಪ್ಲಸ್ ಗುರುತು. ಇವರು ಹಿಡಿದಿದ್ದಾಗ ಆ ಗುರುತು ನಡುವೆ ನಿಲ್ಲಲೇ ಇಲ್ಲ, ಒಂದೇ ಸಮ ಅಲುಗುತ್ತಿತ್ತು. ಜಾಯ್‌ಸ್ಟಿಕ್ ಕೆಟ್ಟಿದೆ ಅಂದುಕೊಂಡು ನಾನು ಹಿಡಿದೆ. ಸುಮ್ಮನೆ ನಿಂತಿತು. ಇವರು ಮತ್ತೆ ಹಿಡಿದರು. ಅಲುಗಿತು.

"ನಂದೇ ಅದು" ಅಂದರು. ಕೈ ಇಷ್ಟು ನಡುಗುವುದು ನನಗೆ ಗೊತ್ತೇ ಇರಲಿಲ್ಲ. ಊಟ ಮಾಡುವಾಗ ಇವರು ಗೋಡೆಗೆ ಮುಖ ಮಾಡಿ ಕೂಡುವುದು ಯಾಕೆ ಅಂತ ಈಗ ತಿಳಿಯಿತು.

ಡೆಡ್‌ಝೋನ್ ಅಂತ ಒಂದು ಇದೆ. ನಡುವಿನ ಸುತ್ತ ಇಷ್ಟು ಜಾಗದೊಳಗಿನ ಅಲುಗಾಟ ಲೆಕ್ಕಕ್ಕಿಲ್ಲ ಅಂತ ಯಂತ್ರಕ್ಕೆ ಹೇಳಿಡುವುದು. ಹದಿನೈದಕ್ಕೆ ಇಟ್ಟೆ. ಇವರು ಹಿಡಿದರು, ಕೈ ನಡುಗಿತು, ನೌಕೆ ನಿಶ್ಚಿಂತೆಯಿಂದ ನೆಟ್ಟಗೆ ಹೋಯಿತು.

ಅಷ್ಟರಲ್ಲಿ ಅತ್ತಿ. "ನನ್ನ ಮಣಿ ಎಲ್ಲಿ? ಏ ರೇಣಿ, ಮಣಿ ಮ್ಯಾಲ ಅದೇನು ಬದನಿಕಾಯಿ ನಿಂದರಸೀರಿ?"

೧೪ ನವೆಂಬರ್

ಕ್ಯಾಂಪಿಗೆಲ್ಲಾ ಗೊತ್ತಾಗಿದೆ. ಅತ್ತಿಯೇ ಹೇಳಿಕೊಂಡು ಬಂದಿದ್ದಾಳೆ.

ಪಕ್ಕದ ಮನಿಯ ಹಜರಾಬೀ ನಳದ ಹತ್ತಿರ, "ಏನವ್ವ ರೇಣಮ್ಮ, ನಿಮ್ಮನ್ಯಾಗ ವಿಮಾನ ಇಳಸಾಕತ್ತೀರಂತ? ನಮಗೂ ಹೈದರಾಬಾದಿಗೆ ಎರಡು ಸೀಟ್ ಇಡ್ರಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿ ಕೊಡ ಅರ್ಧ ತುಂಬಿದಾಗಲೇ ಎತ್ತಿಕೊಂಡು ಬಂದೆ. ಕೈ ಮುರಿದ ಗಂಡನನ್ನು ಆಟಕ್ಕೆ ಕೂಡಿಸಿದ ಹೆಂಡತಿ ಅನ್ನುತ್ತಾರೆ. ನಿಜ ಗೊತ್ತಾದರೆ ಏನು ಅನ್ನುತ್ತಾರೋ.

೧೮ ನವೆಂಬರ್

ಬರೆಯಬಾರದು ಅಂದುಕೊಂಡಿದ್ದೆ.

ಮಧ್ಯಾಹ್ನ ಇವರು ಆಫೀಸಿಗೆ ರಜೆ ಕಾಗದ ಕೊಡಲಿಕ್ಕೆ ಹೋಗಿದ್ದರು. ಸೆಟ್ಟಿಂಗ್ ಸರಿ ಇದೆಯೋ ನೋಡೋಣ ಅಂತ ಕೂತೆ. ಆಟದಲ್ಲಿ ಒಂದು ನಿಲ್ದಾಣ ಇದೆ, ಆಕಾಶದಲ್ಲಿ ನಿಧಾನಕ್ಕೆ ಸುತ್ತುತ್ತಿರುತ್ತದೆ. ಅದರ ಬಾಗಿಲು ಹೇಗೆ ಸುತ್ತುತ್ತದೋ ಹಾಗೇ ನೌಕೆಯನ್ನೂ ಉರುಳಿಸುತ್ತಾ ಒಳಗೆ ಹೋಗಬೇಕು. ಹನ್ನೊಂದು ಸಲ ಡಿಕ್ಕಿ ಹೊಡೆದೆ. ಮತ್ತೆ ಮತ್ತೆ ಮಾಡಿದೆ. ಅಲ್ಲಿ ಎಷ್ಟು ಕತ್ತಲೆ, ಎಷ್ಟು ನಿಶ್ಶಬ್ದ. ಯಾರೂ ಉಸಿರಾಡುವುದಿಲ್ಲ, ಎಣಿಸುವುದು ಏನೂ ಇಲ್ಲ.

ಅತ್ತಿ ಬಂದು ನಿಂತದ್ದು ಗೊತ್ತಾಗಲಿಲ್ಲ. ಕಂಕುಳಲ್ಲಿ ಮುದ್ದು. ತೆವಳಿಕೊಂಡು ಒಲೆಯ ತನಕ ಹೋಗಿ ಬೂದಿ ತಿಂದಿದ್ದಳು, ಬಾಯಿ, ಮೂಗು, ಹುಬ್ಬು ಎಲ್ಲಾ ಬೆಳ್ಳಗೆ.

ಅತ್ತಿ ಬೈಯಲಿಲ್ಲ. "ಬೂದಿ ತಿಂದ್ರ ಏನೂ ಆಗಾಂಗಿಲ್ಲ. ನಿನ್ನ ಗಂಡ ಸಗಣಿ ತಿಂದು ಬೆಳದಾನ" ಅಂದು ಬಾಯಿ ತೊಳೆಸಿದಳು. ಬೈದಿದ್ದರೆ ಚಲೋ ಇತ್ತು.

ಒಂದು ತಾಸು ಹತ್ತು ನಿಮಿಷ. ಅಷ್ಟು ಹೊತ್ತು ನನಗೆ ಮಗಳು ಇದ್ದಾಳೆ ಅನ್ನುವುದೇ ನೆನಪಿರಲಿಲ್ಲ.

೨೪ ನವೆಂಬರ್

ಇವರೂ ಆ ನಿಲ್ದಾಣಕ್ಕೆ ಡಿಕ್ಕಿ ಹೊಡೆಯುತ್ತಿದ್ದರು. ಇವತ್ತು ಕೇಳಿದರು.

"ಇದಕ್ಕ ಬ್ರೇಕಿಲ್ಲೇನು? ಲಿವರ್ ಇಳಿಸಿದ್ರೂ ಹೋಗೇ ಹೋಗ್ತದಲ್ಲ."

"ಅಲ್ಲಿ ಗಾಳಿ ಇಲ್ರಿ, ತಡೀಲಾಕ ಏನೂ ಇಲ್ಲ. ಒಮ್ಮಿ ಚಾಲೂ ಆದದ್ದು..." ಅಂತ ನಾನು ನಿಯಮ ಹೇಳಲಿಕ್ಕೆ ಹೊರಟೆ.

"ಕಾಲುವಿ ಹಂಗ ಅನ್ನು!" ಅಂದರು. "ಗೇಟ್ ಬಂದ್ ಮಾಡಿದ್ರ ಬಿಟ್ಟ ನೀರು ನಿಂದರ್ತದೇನು? ಕಡೀ ಹೊಲದ ತನಕ ಹೋಗೇ ಹೋಗ್ತದ. ಅಲ್ಲಿ ಹೊಲ ತುಂಬಿದ ಮ್ಯಾಲ ಇಲ್ಲಿ ಇಳಿಸಿದ್ರ ಬೆಳಿ ಮುಳುಗ್ತದ. ಅಲ್ಲಿ ಇನ್ನಾ ಅರ್ಧ ಒಣ ಇದ್ದಾಗೇ ನಾವಿಲ್ಲಿ ಇಳಸ್ಲಾಕ ಚಾಲೂ ಮಾಡಬೇಕು."

ಅಷ್ಟೇ. ನಿಲ್ದಾಣ ಇನ್ನೂ ಬೆರಳಿನ ಉಗುರಿನಷ್ಟು ಇದ್ದಾಗಲೇ ಲಿವರ್ ಹಿಂದಕ್ಕೆ ಎಳೆದು ವೇಗ ಇಳಿಸುತ್ತಾ ಬಂದರು. ನನಗೆ ತಡೆಯಲಾಗದಷ್ಟು ನಿಧಾನ. ಬಾಗಿಲ ಹತ್ತಿರ ಬರುವ ಹೊತ್ತಿಗೆ ನೌಕೆ ಹೆಚ್ಚುಕಡಿಮೆ ನಿಂತೇ ಇತ್ತು. ಬಲಗೈ ಬಲಕ್ಕೆ ವಾಲಿತು, ಇನ್ನೂ ವಾಲಿತು, ಬಾಗಿಲಿನ ಜತೆ ಸುತ್ತುತ್ತಾ ಒಳಗೆ ಹೋಯಿತು. ಹಿಡಿಕೆಯ ಮೇಲಿನ ಅಂಗೈ ಆಕಾಶದ ಕಡೆ ಎಷ್ಟು ಹೊರಳಿತ್ತು ಅಂತ ಇವರು ನೋಡಲಿಲ್ಲ. ನಾನು ನೋಡಿದೆ.

ಡೆಡ್‌ಝೋನ್ ಎಂಟಕ್ಕೆ ಇಳಿಸಿದ್ದೇನೆ. ಹೇಳಿಲ್ಲ.

೩೦ ನವೆಂಬರ್

ಮುದ್ದು ಮಲಗಿದ್ದಳು. ಇವರು ಜೋರಾಗಿ ಸುತ್ತುವ ಇನ್ನೊಂದು ನಿಲ್ದಾಣಕ್ಕೆ ನೌಕೆ ಹಚ್ಚುತ್ತಿದ್ದರು. ನಾನು ಅಡುಗೆಮನಿಯ ಬಾಗಿಲಿನಿಂದ "ಚಾ ಇಡಲೇನ್ರಿ?" ಅಂದೆ. ಮತ್ತೆ ಅಂದೆ.

"ತಡಿ ರೇಣಾ. ಈಗ ಮಾತಾಡಬ್ಯಾಡ. ಎರಡೂ ಕೈ ಬೇಕು."

ನಾನು ನಿಂತಲ್ಲೇ ನಿಂತೆ. ನೌಕೆ ಒಳಗೆ ಹೋಯಿತು. ಇವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಆವತ್ತೂ ಹಿಂಗೇ ಅನ್ನಬೇಕಾಗಿತ್ತು ನಾ."

ನಾನು ಕೈಯಲ್ಲಿದ್ದ ಚಾದ ಪಾತ್ರೆ ಕೆಳಗಿಟ್ಟೆ.

"ಗೇಟಿನ ಮ್ಯಾಲಿದ್ದಾಗ ಫೋನ್ ಎತ್ತಬಾರ್ದು ಅಂತ ಹೊಸಾ ಹುಡುಗ್ರಿಗೆ ಕಲ್ಸಾಂವ ನಾನು. ನಾನೇ ಎತ್ತಿದೆ. ಸಾಹೇಬ್ರಿಗಿ ಗ್ರೀಸ್ ಅಂದೆ, ಅವ್ವಗ ಗ್ರೀಸ್ ಅಂದೆ. ನಿನಗೂ ಅದನ್ನೇ ಅಂದೆ, ನಿನಗ ಕೇಳಿಸ್ಯಾದ ಅಂತ ಗೊತ್ತಿದ್ದೂ. ನಿನ್ನ ಮಾರಿ ನೋಡ್ಲಾಕ ನಾಚಿಕಿ ಬರಾಕತ್ತಿತ್ತು."

ಇಷ್ಟು ದಿನ ಅದು ನನ್ನೊಬ್ಬಳದು ಅಂದುಕೊಂಡಿದ್ದೆ.

"ಯಾಕ ಮಾಡಿದ್ದೆ ಅಂತ ಕೇಳ್ರಿ" ಅಂದೆ.

"ಯಾಕ?"

"ಮುದ್ದು ಮೂರು ಸಲ ಸೀನಿದ್ಲು."

ಇವರು ನನ್ನ ಕಡೆ ತಿರುಗಿದರು. "ಮೂರೇ?" ಅಂದರು. ಆಮೇಲೆ ನಗಲಿಕ್ಕೆ ಹತ್ತಿದರು. ಮಣಿ ಅಲುಗಿತು, ಜಾಯ್‌ಸ್ಟಿಕ್ ವಾಲಿತು, ನಿಲ್ಲಿಸಿದ್ದ ನೌಕೆ ಕಳಚಿಕೊಂಡು ಗಿರಗಿರ ತಿರುಗುತ್ತಾ ಕತ್ತಲೆಗೆ ಹೋಯಿತು. ನನಗೆ ಮೊದಲು ಅಳು ಬಂತು, ಅದರ ಹಿಂದೇ ನಗು ಬಂತು. ನಕ್ಕದ್ದಕ್ಕೂ ನಾಚಿಕೆ, ನೋವು ತಿಂದವರು ಇವರು.

ಕ್ಷಮಿಸಿದೆ ಅಂತ ಇವರು ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಅತ್ತಿ ಹೊರಗಿನಿಂದ ಓಡಿ ಬಂದು, "ಏನಾತು? ವಿಮಾನ ಬಿತ್ತೇನು?"

"ಬಿತ್ತಬೇ" ಅಂದರು ಇವರು.

"ಬೀಳ್ಲಿ. ನನ್ನ ಮಣಿ ಕೊಡ್ರಿ, ಹಿಟ್ಟು ನಾದಿ ಆಗ್ಯಾದ."

೧ ಡಿಸೆಂಬರ್

ಏಳುವಾಗ ಬಿಸಿಲು ಬಂದಿತ್ತು. ಎಣಿಸಲಿಕ್ಕೆ ಶುರು ಮಾಡಿದ್ದೆ, ಎಷ್ಟಕ್ಕೆ ನಿಂತಿತೋ ಗೊತ್ತಿಲ್ಲ.

೬ ಡಿಸೆಂಬರ್

ಯಾದಗಿರಿಗೆ ಹೋಗಿ ಬಂದೆವು. ಅಂಗೈ ಪೂರಾ ಮೇಲಾಗುವುದಿಲ್ಲ, ಜರಾ ಕಡಿಮೆ. "ಇಷ್ಟು ಸಾಕ್ರಿ. ಏನು ಮಾಡಿದ್ರಿ, ಸುತ್ತಿಗೀನೇ?" ಅಂದರು ಡಾಕ್ಟರ್. ಇವರು ನನ್ನ ಮುಖ ನೋಡಿ "ಹೌದ್ರಿ" ಅಂದರು. ಕೆಲಸಕ್ಕೆ ಹೋಗಬಹುದು ಅಂತ ಬರೆದುಕೊಟ್ಟರು.

ಬಸ್ಸಿನಲ್ಲಿ ಕಿಟಕಿಯ ಹತ್ತಿರ ನನಗೆ ಕಣ್ಣು ಹತ್ತಿತ್ತು. ಎಚ್ಚರಾದಾಗ ಮುದ್ದು ಇವರ ಬಲಗೈ ಮೇಲೆ ಮಲಗಿದ್ದಳು. ಕೈ ಸಣ್ಣಗೆ ನಡುಗುತ್ತಿತ್ತು, ಅವಳಿಗೆ ಅದರ ಖಬರೇ ಇರಲಿಲ್ಲ. ಯಾವಾಗ ಕೊಟ್ಟೆನೋ ನೆನಪಾಗುತ್ತಿಲ್ಲ. ಬಸ್ಸು ಹತ್ತುವಾಗ ಚೀಲ ಹಿಡಿಯಲಿಕ್ಕೆ ಅಂತ ಕೊಟ್ಟಿರಬೇಕು.

ಮಣಿ ತಿಕ್ಕಿ ತೊಳೆದು ಅತ್ತಿಗೆ ಕೊಟ್ಟೆ. ರಬ್ಬರಿನ ನಾಲ್ಕು ಗುಂಡು ಗುರುತು ಹೋಗಲಿಲ್ಲ.

೧೩ ಡಿಸೆಂಬರ್

ಇವತ್ತು ನೀರು ಬಿಡುವ ದಿನ. ಇವರು ಆರಕ್ಕೇ ಗೇಟಿಗೆ ಹೋದರು. ಮೊದಲ ವಾರ ಜತೆಗೆ ಇನ್ನೊಬ್ಬ ಲಸ್ಕರ್ ಇರುತ್ತಾನಂತೆ. ಫೋನು ಅಂಗಿ ಕಿಸೆಯಲ್ಲಿ ಇಟ್ಟುಕೊಂಡರು. ಬಂದ್ ಮಾಡಲಿಲ್ಲ, ನನ್ನ ಮುಂದೆ ಅದರ ಮಾತೂ ಆಡಲಿಲ್ಲ.

ಎಂಟೂವರೆಗೆ ಮನಿ ಹಿಂದಿನ ಸಣ್ಣ ಕಾಲುವೆಗೆ ನೀರು ಬಂತು. ಮೊದಲು ಕಸ, ಒಣ ಎಲೆ, ನೊರೆ. ಆಮೇಲೆ ಕೆಂಪು ನೀರು, ದಂಡೆಯ ಅರ್ಧದ ತನಕ. ಗೇಟು ಎದ್ದಿದೆ.

ಮುದ್ದುವನ್ನು ಎತ್ತಿಕೊಂಡು ಹೋಗಿ ತೋರಿಸಿದೆ. ನೀರು ನೋಡುತ್ತಾ ಎರಡು ಸಲ ಸೀನಿದಳು. ಒಳಗೆ ಬಂದ ಮೇಲೆ ಇನ್ನೊಂದು ಸಲ. ಒಂಬತ್ತು ಗಂಟೆ ಐದು ನಿಮಿಷ. ಮರೆಯಬಾರದು ಅಂತ ಬರೆದಿಟ್ಟೆ, ಸಂಜೆ ಇವರು ಬಂದಾಗ ಹೇಳಬೇಕು.